ಎಂಜಲು ಕೈ

ಮಾರ್ಚ್ 4
ಮತ್ತೆ ದಾಳಿ, ಮತ್ತೆ ಬರಿಗೈ. ಬಾಗಿಲು ಒಡೆಯುವಷ್ಟರಲ್ಲಿ ಎಲ್ಲ ಅಳಿಸುವ ಬಟನ್ ಒತ್ತಿದರು — ಎಲ್ಲ ಫೋನೂ ಖಾಲಿ. ಕೆಲಸದ ಆಸೆ ತೋರಿಸಿ ಹುಡುಗಿಯರನ್ನು ಕೂಡಿಹಾಕುವ ಗ್ಯಾಂಗ್. ಎಲ್ಲಿ ಎಂಬುದು ಆ ಫೋನುಗಳಲ್ಲೇ ಇತ್ತು. ಸಂಜೆಯೊಳಗೆ ಬೇಲ್ ಬೇರೆ. ಮೈಯೆಲ್ಲ ಉರಿಯಿತು.

ಟೈಲರಮ್ಮ ಇವತ್ತೂ ಸ್ಟೇಷನ್ ಬೆಂಚಿನ ಮೇಲೆ. ಮಗಳು ಕೆಲಸಕ್ಕೆಂದು ಹೋದದ್ದು ಜನವರಿಯಲ್ಲಿ, ಮತ್ತೆ ಸುದ್ದಿಯಿಲ್ಲ. ನನ್ನ ಮುಖ ನೋಡಿದರು, ಎದ್ದು ಹೋದರು.

ಮಾರ್ಚ್ 5
ಸಾಹೇಬರು ಕರೆದರು. "ಇನ್ನೊಂದ್ಸಲ ಹೀಗಾದ್ರೆ ಕೇಸು ಬೇರೆಯವರಿಗೆ ಕೊಡ್ತೀನಮ್ಮ." ಬೇರೆಯವರು ಯಾರೆಂದು ಗೊತ್ತು... ಫೈಲಿನ ಮೇಲೆ ಕೂತು ಕಾವು ಕೊಡುವ ಮಹಾನುಭಾವರು.

ಮಾರ್ಚ್ 9, ಭಾನುವಾರ
ಯಜಮಾನರ ಊಟ. ನೀರಿನ ಜಗ್ಗಿಗೆ ಫೋನ್ ಒರಗಿಸಿ ಮ್ಯಾಚ್. ಎಷ್ಟು ಬೈದರೂ ಬಿಡದ ಚಾಳಿ. ನಡುವೆ ಯಾರದೋ ಕಾಲ್.
"ಲೇ, ಸ್ವಲ್ಪ ಕಟ್ ಮಾಡೇ. ಕೈ ಎಂಜಲು."
"ಎಡಗೈ ಇಲ್ವಾ?"
"ತಟ್ಟೆ ಹಿಡ್ಕೊಂಡಿದೀನಲ್ಲೇ!"
ಬೆರಳು ಚಾಚಿದವಳು ಹಾಗೇ ನಿಂತೆ. ಫೋನ್ ತೆರೆದೇ ಇದೆ. ಕೈ ಎರಡೂ ಕೆಲಸಕ್ಕೆ ಬಾರವು. ನಾವೋ, ಯಾವಾಗಲೂ ಬೆಳಗಿನ ಜಾವ ಹೋಗುತ್ತಿದ್ದೆವು — ಫೋನ್ ದಿಂಬಿನ ಪಕ್ಕ ಇಟ್ಟು ಮಲಗಿದವರ ಬಳಿಗೆ! ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.
ಖುಷಿಗೆ ಯಜಮಾನರಿಗೆ ಕೇಳದೆಯೇ ಇನ್ನೊಂದು ಸೌಟು ಬಡಿಸಿದೆ. ಪಾಪ, ಹೆದರಿಬಿಟ್ಟರು.

ಮಾರ್ಚ್ 17
ಗ್ಯಾಂಗಿನ ಹೊಸ ಮನೆ ಸಿಕ್ಕಿತು. ಅಡುಗೆಯವರಿಲ್ಲ, ಮಧ್ಯಾಹ್ನದ ಊಟ ಹೊರಗಿನಿಂದ. ಸಾಹೇಬರು ಒಪ್ಪಿದರು. ನಾಳೆಯೇ.

ಮಾರ್ಚ್ 18, ಸಂಜೆ
ಗೆದ್ದೆವು!

ಊಟ ಒಳಗೆ ಹೋಯಿತು. ಕೈ ಹಾಕುವಷ್ಟು ಹೊತ್ತು ಬಿಟ್ಟೆವು. ಆಮೇಲೆ ನಮ್ಮ ಕಾನ್‌ಸ್ಟೇಬಲ್ ಡೆಲಿವರಿ ಟೀಶರ್ಟಿನಲ್ಲಿ ಬೆಲ್ ಒತ್ತಿದ. "ಸಾರ್, ಐಸ್‌ಕ್ರೀಮ್ ಕೊಡೋದು ಮರ್ತೋಗಿತ್ತು." ಅವರೇ ಬಾಗಿಲು ತೆಗೆದರು! ನುಗ್ಗಿದರೆ ಸಾಲಾಗಿ ತಟ್ಟೆ, ಬಾಟಲಿಗೆ ಒರಗಿದ ಫೋನುಗಳು, ಮ್ಯಾಚು. ಒಬ್ಬ ಒತ್ತಿಯೂ ಒತ್ತಿದ. ಜಿಡ್ಡಿನ ಬೆರಳು ಜಾರಿತು, ಫೋನ್ ಅನ್ನದೊಳಗೆ ಬಿತ್ತು. ಎತ್ತಿ ಸೆರಗಿಲ್ಲದ ಈ ಯೂನಿಫಾರ್ಮಿಗೇ ಒರೆಸಿಕೊಂಡೆ.

"ಮೇಡಂ, ಕೈಯಾದ್ರೂ ತೊಳ್ಕೊಳ್ತೀವಿ" ಎಂದ ಅವರ ದೊಡ್ಡವನು.
"ಸ್ಟೇಷನ್ನಲ್ಲಿ ನಲ್ಲಿ ಇದೆ, ಬಾರಪ್ಪ."

ಫೋನಿನಲ್ಲೇ ವಿಳಾಸ. ಊರಾಚೆಯ ಗೋಡೌನು. ಎಲ್ಲ ಹುಡುಗಿಯರೂ ಸಿಕ್ಕರು, ಎಲ್ಲರಿಗೂ ಜೀವ ಇದೆ. ಬಾತ್‌ರೂಮಿಗೆ ಹೋಗಿ ಅತ್ತು ಬಂದೆ.

ಏಳು ಗಂಟೆ
ಸ್ಟೇಷನ್ನಿನಲ್ಲೇ ಬರೆಯುತ್ತಿದ್ದೇನೆ. ವ್ಯಾನು ದಾರಿಯಲ್ಲಿದೆ. ಟೈಲರಮ್ಮ ಅಳಲಿಲ್ಲ. ಮನೆಗೆ ಓಡಿ ಮಗಳ ಅಂಗಿ ತಂದರು. ಬೆಂಚಿನ ಮೇಲೆ ಕೂತು ಅದರ ಎರಡೂ ಪಕ್ಕ ಒಳಗೆ ಹಿಡಿದು ಹೊಲಿಯುತ್ತಿದ್ದಾರೆ.
"ಸೊರಗಿರ್ತಾಳೆ ಮೇಡಂ. ದೊಗಳೆ ಆಗ್ಬಾರ್ದು ನೋಡಿ."
ಹೊರಗೆ ವ್ಯಾನಿನ ಹಾರನ್. ದಾರವನ್ನು ಹಲ್ಲಿನಲ್ಲೇ ಕಡಿದು ಎದ್ದರು, ಓಡುತ್ತಿದ್ದಾರೆ, ನಾನೂ —