ಕೆಳಗಿನ ಪಂಪಿನ ಹೆಸರು

ಕಾರಗಂಡ,
ಅಕ್ಟೋಬರ್ ೧೪

ಮುದ್ದಿನ ಸೊಸೆ ಅಕ್ಮರಾಲ್‌ಗೆ ಅತ್ತೆ ಅಪಾ ಮಾಡುವ ಹಾರೈಕೆಗಳು.

ಅಕ್ತಾವಿನಲ್ಲಿ ಸಮುದ್ರದ ಗಾಳಿ ಜೋರೇ? ನಿನ್ನ ತಾಯಿಯ ಮಂಡಿನೋವು ಹೇಗಿದೆ? ಫೋನಿನಲ್ಲಿ ನೀನು "ಹೂಂ ಅಪಾ, ಸರಿ ಅಪಾ" ಎನ್ನುವುದರಾಚೆ ಮಾತು ಬೆಳೆಸುವವಳಲ್ಲ. ಅದಕ್ಕೇ ಈ ಕಾಗದವನ್ನು ಒಣಮೊಸರಿನ ಉಂಡೆಗಳ ಚೀಲದ ಜೊತೆ ರೈಲಿನ ಕಂಡಕ್ಟರ್ ಹೆಂಗಸಿನ ಕೈಯಲ್ಲಿ ಕಳಿಸುತ್ತಿದ್ದೇನೆ.

ನಿನ್ನ ಮೀನುಗಳೆಲ್ಲ ಬದುಕಿವೆ. ಆದರೆ ಮೊನ್ನೆ ನಿನ್ನ ಉಪ್ಪುನೀರಿನ ಗಾಜಿನ ತೊಟ್ಟಿಯ ಎಡಗಡೆಯ ಪಂಪು ಅಲೆ ಎಬ್ಬಿಸುವುದು ಬಿಟ್ಟು ಬರೀ ತಿಣುಕತೊಡಗಿತು. ಗಣಿಯ ಪಾಳಿಯಲ್ಲಿರುವ ನಿನ್ನ ಗಂಡನಿಗೆ ಫೋನ್ ಮಾಡಿದೆ. "ಮುಟ್ಟಬೇಡಮ್ಮಾ, ಅವಳೇ ಬಂದು ನೋಡ್ಕೊಳ್ಳಲಿ" ಅಂದ. "ಯಾವಾಗ ಬರ್ತಾಳೋ?" ಅಂದೆ. "ಗೊತ್ತಿಲ್ಲ" ಅಂದ. ಆ "ಗೊತ್ತಿಲ್ಲ" ನನಗೆ ರುಚಿಸಲಿಲ್ಲ.

ಪಕ್ಕದ ಮನೆಯ ಬಿಬಿಗುಲ್ ಚಹಾಕ್ಕೆ ಬಂದಿದ್ದಳು. "ಎರಡು ವಾರ ಅಂತ ತವರಿಗೆ ಹೋದೋಳು, ತಿಂಗಳು ದಾಟ್ತು. ನಿನಗೆ ಮೀನಿನ ಚಾಕರಿ ಹಚ್ಚಿ ತಪ್ಪಿಸ್ಕೊಂಡ್ಲು ಕಣೇ ಕಾಮ್ಷಾತ್" ಎಂದಳು.

"ವಾಪಸ್ ಬರದೋಳು ಮದುವೆಗೆ ತಂದ ಸಮುದ್ರಾನ ಬಿಟ್ಟು ಹೋಗ್ತಾಳೇನೇ?" ಅಂದೆ.

"ಮತ್ತೆ ಹೊತ್ಕೊಂಡು ಹೋಗೋಕಾಗುತ್ತಾ ಅದನ್ನ?"

ಅವಳ ಬಟ್ಟಲಿಗೆ ಚಹಾ ಅಂಚಿನವರೆಗೆ ಸುರಿದೆ, ತುಂಬಿದ ಬಟ್ಟಲೆಂದರೆ ನಮ್ಮಲ್ಲಿ ಎದ್ದು ಹೋಗು ಎಂದಲ್ಲವೇ. ಅವಳು ಕುಡಿದೇ ಹೋದಳು.

ಆಮೇಲೆ ನಾನೇ ಪಂಪು ಬಿಚ್ಚಿದೆ. ನೀನು ಮಾಡುವಾಗ ಬಾಗಿಲ ಸಂದಿನಿಂದ ನೋಡಿ ಕಲಿತದ್ದು. ಮೊದಲು ಪ್ಲಗ್ ಕಿತ್ತೆ. ಬಾಯಿಯ ಜಾಲರಿ ತೆಗೆದರೆ ಒಳಗೆ ಸುಣ್ಣದ ಹೆಪ್ಪು. ಆ ಹೆಪ್ಪಿನ ಮರೆಯಲ್ಲಿ ಏನೋ ಅಲುಗಾಡಿತು! ತೊಟ್ಟಿಯ ನೀರು ತುಂಬಿದ ಬಟ್ಟಲಿಗೆ ಬಿಟ್ಟು, ಭೂತಗನ್ನಡಿ ಹಿಡಿದೆ. ಐದು ಕೂದಲೆಳೆಯಂಥ ತೋಳುಗಳ, ತೊಗರಿಬೇಳೆಗಿಂತ ಚಿಕ್ಕ ನಕ್ಷತ್ರಮೀನು. ನಾವು ಕೊಂಡು ತಂದದ್ದಲ್ಲ, ಇಲ್ಲೇ ಹುಟ್ಟಿದ್ದು. ಸಮುದ್ರದ ಜೀವಕ್ಕೆ ಈ ಬಯಲುಸೀಮೆಯ ಮೂರನೇ ಮಹಡಿ ಹೇಗೆ ಹಿಡಿಸಿತೋ! ನೋಡುತ್ತಾ ಕೂತೆ, ನನ್ನ ಚಹಾ ತಣ್ಣಗಾಯಿತು.

ಪಂಪು ನೆನೆಸಲು ಅಡುಗೆಮನೆಯ ವಿನೆಗರ್ ಸುರಿದೆ. ಘಾಟು ಮೂಗಿಗೆ ಬಡಿದಾಗಲೇ ತಿಳಿದದ್ದು, ಅದು ಮಾಂಸದ ಕಡುಬಿಗೆಂದು ಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿಟ್ಟ ಬಾಟಲಿ. ನಗಬೇಡ. ಸುಣ್ಣವೇನೋ ನೊರೆಯೆದ್ದು ಕರಗಿತು. ಒಳಗಿನ ಚಕ್ರವನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಬೆಳ್ಳುಳ್ಳಿಯ ವಾಸನೆ ಹೋಗುವವರೆಗೂ ತೊಳೆದೆ. ಕೂಡಿಸಿ ಪ್ಲಗ್ ಹಾಕಿದರೆ, ಹೋರಿಯಂತೆ ನುಗ್ಗಿತು! ಬಲಗಡೆಯದನ್ನೂ ಹಾಗೇ ಮಾಡಿದೆ. ನಕ್ಷತ್ರವನ್ನು ಕಲ್ಲಿನ ಬಳಿ ಬಿಟ್ಟಿದ್ದೇನೆ.

ಇನ್ನೊಂದು ವಿಷಯ. ನನ್ನೆದುರು ಬಾಯಿ ಬಿಡದ ನೀನು ಪಂಪುಗಳ ಜೊತೆ ಹರಟುವುದನ್ನು ಕೇಳಿದ್ದೇನೆ. ಎಡಗಡೆಯದಕ್ಕೆ "ಏಳೋ ಸೋಮಾರಿ." ಬಲಗಡೆಯದಕ್ಕೆ "ಸಾಕು ಸುಮ್ನಿರೇ ವಾಚಾಳಿ." ಗಂಡನ ಮನೆಯವರ ಹೆಸರೆತ್ತಬಾರದೆಂದು ನಾನೂ ಸೊಸೆಯಾಗಿದ್ದಾಗ ಮೈದುನರಿಗೆಲ್ಲ ಅಡ್ಡಹೆಸರು ಕಟ್ಟಿದವಳೇ. ಆದರೆ ತೊಟ್ಟಿಯ ಕೆಳಗಿನ ಬೀರುವಿನಲ್ಲಿ ಕೂತು, ನೀರನ್ನು ಮೇಲಕ್ಕೆ ತಳ್ಳುತ್ತಾ ಇಡೀ ದಿನ ಗುರುಗುಡುವ ಮೂರನೆಯದು? ಅದರ ಹೆಸರನ್ನು ಮಾತ್ರ ನೀನು ಪಿಸುಗುಟ್ಟುತ್ತಿದ್ದೆ. ಕಿವಿಗೊಟ್ಟು ಕಿವಿಗೊಟ್ಟು ಸೋತೆ. ಅದಕ್ಕೂ ಸುಣ್ಣ ಕಟ್ಟುತ್ತಿದೆ, ನಾನು ಕೈ ಹಚ್ಚಿಲ್ಲ.

ನಾನು ಬೇರೇನೂ ಕೇಳುತ್ತಿಲ್ಲ ಮಗಳೇ. ಅದರ ಹೆಸರನ್ನಷ್ಟೇ ಕೇಳುತ್ತಿದ್ದೇನೆ.

ನಿನ್ನ ಅಪಾ,
ಕಾಮ್ಷಾತ್

ಮರೆತ ಮಾತು: ಕಾಗದ ಮಡಿಸುವಷ್ಟರಲ್ಲಿ ನಿನ್ನ ಫೋನೇ ಬಂತಲ್ಲ! ಆದರೂ ಕಳಿಸುತ್ತೇನೆ, ನೀನು ಆಡಿದ್ದನ್ನು ಇಲ್ಲಿ ಬರೆದೂ ಇಡುತ್ತೇನೆ, ಮುಂದೆ ಇಲ್ಲವೆನ್ನಬಾರದು. ಮೂರನೆಯದರ ಹೆಸರು ನಾನು ಕೇಳಿದಾಗ ನೀನು ಮೊದಲು ಮಾತು ಮರೆಸಿ ಮೀನುಗಳನ್ನು ವಿಚಾರಿಸಿದೆ. "ಬೈಯಲ್ಲ, ಹೇಳೇ" ಎಂದು ನಾನಂದ ಮೇಲೆ ನೀನು "ಗೊಣಗಜ್ಜಿ" ಎಂದೆ. ಯಾರ ಹೆಸರೆಂದು ನಾನು ಕೇಳಲಿಲ್ಲ, ನೀನೂ ಹೇಳಲಿಲ್ಲ. "ಅದನ್ನ ಬಿಚ್ಚಬೇಡಿ ಅಪಾ. ಇಲ್ಲಿ ಸಮುದ್ರ ಅಷ್ಟು ಸದ್ದು ಮಾಡುತ್ತೆ, ಆದರೂ ಆ ಗೊಣಗು ಇಲ್ದೆ ನಿದ್ದೆ ಹತ್ತಲ್ಲ. ಮುಂದಿನ ವಾರ ರೈಲು ಹತ್ತುತ್ತೀನಿ" ಎಂದೆ. ಬಾ. ನಕ್ಷತ್ರದ ಕೂಸನ್ನು ಮೊದಲ ಸಲ ನೋಡುವವಳು ಬರಿಗೈಯಲ್ಲಿ ಬರುವಂತಿಲ್ಲ, ಕಾಣಿಕೆ ತಾ. ಬಿಬಿಗುಲ್‌ಗೆ ಆ ಹೆಸರು ಮಾತ್ರ ಹೇಳಬೇಡ.