ಲಾರಿ ಕಾದ ಹೊತ್ತು

ಮಾರ್ಚ್ 3, ಬೆಳಿಗ್ಗೆ 9.40
ಮತ್ತೆ ಬಾಟ್ಲಿ ಫ್ಯಾಕ್ಟರಿ. ಮತ್ತೆ ಅದೇ ಕುಂಟು ಕುರ್ಚಿ. ಮಾಲು ಕಳಿಸೋ ಲೆಕ್ಕದ ಆ್ಯಪ್ ಇವರೇ ಕಟ್ಟಿಕೊಳ್ಳಬೇಕಂತೆ, ಕಲಿಸೋ ಕರ್ಮ ನನ್ನದು. ಬಾಟ್ಲಿ ಹೋಗೋದು ಔಷಧಿ ಕಂಪನಿಗೆ. ಎರಡೂ ಕಡೆಯವರು ಒಂದೇ ಸ್ಕ್ರೀನ್ ನೋಡಿ ಕೆಲಸ ಮಾಡಬೇಕು, ಅಷ್ಟೇ. ಕಲಿಯುವವಳು ಡಿಸ್ಪ್ಯಾಚ್ ಮೇಡಂ, ಐವತ್ತು ದಾಟಿದೆ. ಒಂದನ್ನೇ ಮೂರು ಸಲ ಕೇಳ್ತಾಳೆ. ಮೈಯೆಲ್ಲ ಉರಿಯುತ್ತೆ.

ಮಾರ್ಚ್ 5
ಮೇಡಂ ತಾನಾಗಿ ಒಂದು ಕಾಲಂ ಸೇರಿಸಿದ್ದಾಳೆ — "ಗೇಟಲ್ಲಿ ಲಾರಿ ಕಾದ ಹೊತ್ತು". ಯಾಕೆ ಅಂದೆ. ಮಾಲು ತಡ ಅಂತ ಔಷಧಿಯವರು ದಿನಾ ಬೈತಾರೆ, ಲಾರಿ ಅವರ ಗೇಟಲ್ಲೇ ನಾಲ್ಕು ಗಂಟೆ ನಿಂತಿರುತ್ತೆ ಅಂದಳು. ಚೆನ್ನಾಗಿದೆ ಅನ್ನಬಹುದಿತ್ತು. ಮುಂದಿನ ಪಾಠ ತೆಗೆದೆ.

ಮಾರ್ಚ್ 11
ಔಷಧಿ ಕಂಪನಿಯ ಸ್ಟೋರ್ ಆಫೀಸರ್ ಫೋನ್ ಮಾಡಿದ್ದ. ಗಂಟುಮೋರೆ. ಆ ಕಾಲಂ ನೋಡಿ ಮೇಲಿನವರು ಕರೆಸಿ ಉಗಿದರಂತೆ. ತೆಗೀರಿ, ಇಲ್ಲದಿದ್ರೆ ಮುಂದಿನ ವರ್ಷ ನಿಮ್ಮ ಟ್ರೈನಿಂಗ್ ಕಂಪನಿಗೆ ನಮ್ಮ ಕಾಂಟ್ರ್ಯಾಕ್ಟ್ ಇಲ್ಲ ಅಂದ. ನಮ್ಮ ಬಾಸ್‌ನದೂ ಮೆಸೇಜು: ಗಲಾಟೆ ಬೇಡ, ಮುಗಿಸು. ಆ್ಯಪಿನ ಅಡ್ಮಿನ್ ನಾನೇ. ಮೂರು ಕ್ಲಿಕ್. ಮುಗಿಸಿದೆ. ಅವಳು ತುಂಬಿದ್ದೆಲ್ಲ ಹೋಯ್ತು... ಹೋಗಲಿ.

ಮಾರ್ಚ್ 12
ಮುಖ ಯಾಕೆ ಹೀಗಿದೆ ಅಂತ ಅಕ್ಕ ಕೇಳಿದಳು. ಹೇಳಿದೆ. ಆ ಹೆಂಗಸಿಗೆ ತಿಳಿಸಿದೆಯಾ ಅಂದಳು. ನನ್ನ ಕೆಲಸ ನಿನಗೇನು ಗೊತ್ತು ಅಂತ ರೇಗಿದೆ.

ಮಾರ್ಚ್ 18
ಎರಡೂ ಕಂಪನಿಯವರ ಮೀಟಿಂಗ್. ತಡವೆಲ್ಲ ಬಾಟ್ಲಿಯವರದೇ ಅಂದ ಗಂಟುಮೋರೆ. ಒಂದು ವಾರ ರಜೆ ಹಾಕಿ ಬಂದಿದ್ದ ಮೇಡಂ ಸ್ಕ್ರೀನ್ ತೆರೆದಳು. ಕಾಲಂ ಇಲ್ಲ. ಎಲ್ಲರೂ ಅವಳ ಮುಖ ನೋಡಿದರು. ಅವಳು ನನ್ನ ಮುಖ.
"ಮೇಡಂ ಏನೋ ತಪ್ಪು ಒತ್ತಿರಬೇಕು," ಅಂದೆ.
ಅವಳ ಮ್ಯಾನೇಜರ್ ನಕ್ಕ. ಗಂಟುಮೋರೆ ಟೀ ತರಿಸಿದ, ನನಗೂ ಒಂದು. ಕುಡಿದೆ.

ಮಾರ್ಚ್ 27, ಮಧ್ಯಾಹ್ನ 3.10
ಕೊನೇ ಕ್ಲಾಸು. ಬರಲ್ಲ ಅಂದುಕೊಂಡಿದ್ದೆ, ನನಗಿಂತ ಮೊದಲೇ ಕೂತಿದ್ದಳು. ಕಾಲಂ ಮತ್ತೆ ಕಟ್ಟಿದ್ದಾಳೆ. ಡ್ರೈವರುಗಳನ್ನು ಒಬ್ಬೊಬ್ಬರನ್ನೇ ಕೇಳಿ ಹಳೇ ದಿನಗಳನ್ನೂ ತುಂಬಿದ್ದಾಳೆ. ಆ್ಯಪಿನ ಹಿಸ್ಟರಿ ತೆರೆದು ಫ್ಯಾಕ್ಟರಿ ಮಾಲೀಕರಿಗೇ ತೋರಿಸಿದಳಂತೆ — ಯಾರು ಅಳಿಸಿದ್ದು, ಎಷ್ಟು ಗಂಟೆಗೆ. ಅವರು ನಮ್ಮ ಆಫೀಸಿಗೆ ಹೇಳಿ ಇವಳನ್ನೂ ಅಡ್ಮಿನ್ ಮಾಡಿಸಿದ್ದಾರೆ. ಬೈಯಲಿಲ್ಲ. ಬೈದಿದ್ರೆ ತಿರುಗಿ ಬೈಯಬಹುದಿತ್ತು.
"ಒಂದು ಮಾತ್ರ ನೀವು ಹೇಳಿಕೊಟ್ಟಿಲ್ಲ," ಅಂದಳು. "ಆ್ಯಪಿಂದ ಒಬ್ಬರನ್ನ ತೆಗೆಯೋದು ಹೇಗೆ?"
ತೋರಿಸಿದೆ. ಪಟ್ಟಿ ಬಂತು. ನನ್ನ ಹೆಸರ ಮೇಲೆ ಬಾಣ ನಿಲ್ಲಿಸಿದಳು.
"ಇಲ್ಲಿ ಒತ್ತಿದರೆ ಸಾಕಾ?"
ಸಾಕು ಅಂದೆ.

3.25
ಕಾರಿಡಾರಿನ ಬೆಂಚು. ನನ್ನ ಲಾಗಿನ್ ಹೋಯ್ತು, ಒಳಗೆ ಇನ್ನು ಕೆಲಸವಿಲ್ಲ. ಬಾಸ್‌ನ ಮೂರನೇ ಕಾಲ್. ತೆಗೆದರೆ ಹೇಳೋದೇನು — ಮೇಡಂ ಚೆನ್ನಾಗಿ ಕಲಿತಿದ್ದಾರೆ ಸರ್, ಎಷ್ಟು ಚೆನ್ನಾಗಿ ಅಂದ್ರೆ—