ಅಪ್ಪನ ಮಾತಿನ ಕೆಳಗಿನ ಸಾಲು

12 ಮಾರ್ಚ್ 2007, ಸೋಮವಾರ

ಪತ್ರಿಕೋದ್ಯಮ ಕ್ಲಾಸಿನ ಪ್ರಾಜೆಕ್ಟಿಗೆ ನಾನು ಮಾಡಿದ ಸಾಕ್ಷ್ಯಚಿತ್ರವನ್ನು ಮನೆಯಲ್ಲಿ ತೋರಿಸಬಾರದಿತ್ತು. ಬಿಡದಿಯ ಕಾರ್ಖಾನೆಗೆ ಹೋದ ನಮ್ಮ ಹೊಲದ ಬಗ್ಗೆ ಅಪ್ಪ ಅದರಲ್ಲಿ ಮನಸ್ಸು ಬಿಚ್ಚಿ ಮಾತಾಡಿದ್ದಾನೆ. ಅವನ ಮಾತಿನ ಕೆಳಗೆ ನಾನು ಪುಸ್ತಕದ ಕನ್ನಡದಲ್ಲಿ ಸಬ್‌ಟೈಟಲ್ ಹಾಕಿದ್ದೇನೆ. ಟೀವಿ ಮುಂದೆ ಕೂತು ಅಪ್ಪ ಒಂದೊಂದೇ ಸಾಲು ಓದಿದ.

“ನಾನ್ ಆಡಿರೋದೂ ಕನ್ನಡನೇ ಅಲ್ವೇನವ್ವ?”

ಬೆಂಗಳೂರಿನವರಿಗೆ ಅರ್ಥವಾಗಲಿ ಅಂತ ಹಾಕಿದೆ ಎಂದೆ. ಸುಳ್ಳು. ಅವರಿಗೆ ಎಲ್ಲ ಅರ್ಥವಾಗುತ್ತದೆ. ನಗುತ್ತಾರೆ ಅಂತ ಹೆದರಿದ್ದೆ, ಅಷ್ಟೇ.

ರಾತ್ರಿ ಊಟಕ್ಕೆ ನಾನೇ ಬಡಿಸಿದೆ. ದಿನಾ “ಒಸಿ ಸಾರ್ ಬುಡವ್ವ” ಅನ್ನುವ ಅಪ್ಪ ಇವತ್ತು ಮುದ್ದೆ ಮುರಿಯುತ್ತಾ, ನನ್ನ ಮುಖ ನೋಡದೆ, ತಡವರಿಸಿ ಹೇಳಿದ: “ಸ್ವಲ್ಪ ಸಾರು ಬಡಿಸಮ್ಮ.”